ಹೊಲಕ್ಕೆ ಒಯ್ಯುವ ಟಾರ್ಚಿನ ಸೆಲ್: ಆರಿಸುವುದು ಹೇಗೆ, ನಮ್ಮ ಬಿಸಿಲಲ್ಲಿ ಚಾರ್ಜ್ ಮಾಡುವುದು ಹೇಗೆ

ನಮ್ಮ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಎಷ್ಟೋ ಸಲ ರಾತ್ರಿಯೇ ಬರುತ್ತದೆ. ನಿದ್ದೆಯಿಂದ ಎದ್ದು, ತಲೆಗೆ ಹೆಡ್‌ಲ್ಯಾಂಪ್ ಕಟ್ಟಿಕೊಂಡು, ಬದುವಿನ ಮೇಲೆ ನಡೆದು ಬೋರ್‌ವೆಲ್ ತನಕ ಹೋಗಬೇಕು. ಹುಲ್ಲಿನಲ್ಲಿ ಕೊಳಕುಮಂಡಲ ಮಲಗಿರಬಹುದು. ಆ ಹೊತ್ತಿನಲ್ಲಿ ಟಾರ್ಚ್ ಆರಿದರೆ ಹೆಜ್ಜೆ ಎಲ್ಲಿಡಬೇಕು ಅಂತಲೂ ಗೊತ್ತಾಗುವುದಿಲ್ಲ.

ಹೀಗೆ ಒಂದು ರಾತ್ರಿ ನನ್ನ ಕೈಯಲ್ಲೇ ಟಾರ್ಚ್ ಕಾಯತೊಡಗಿತು. ಆಳಂದ ರಸ್ತೆಯಲ್ಲಿರುವ ನಮ್ಮ ಹೊಲ, ತೊಗರಿ ಹೂವಿಗೆ ಬಂದ ಕಾಲ. ಟಾರ್ಚಿನ ತಲೆಯ ಕಡೆ ಮೊದಲು ಬೆಚ್ಚಗಾಯಿತು, ಅರ್ಧ ನಿಮಿಷದಲ್ಲಿ ಹಿಡಿಯಲಾಗದಷ್ಟು ಸುಡತೊಡಗಿತು. ಉತ್ತಿದ ಬರಿ ಮಣ್ಣಿನ ಮೇಲೆ ದೂರ ಎಸೆದು ಹಿಂದೆ ಸರಿದೆ. ಸೀಟಿ ಊದಿದಂಥ ಸದ್ದು, ಬಿಳಿ ಹೊಗೆ, ಉಗುರುಬಣ್ಣ ತೆಗೆಯುವ ದ್ರಾವಣದಂಥ ಸಿಹಿ ವಾಸನೆ, ಆಮೇಲೆ ಪಟ್ ಅಂತ ಹಿಂದಿನ ಮುಚ್ಚಳ ಹಾರಿತು. ಬೆಳಿಗ್ಗೆ ನೋಡಿದರೆ ಮುಚ್ಚಳ ಎಂಟು ಹೆಜ್ಜೆ ಆಚೆ ಬಿದ್ದಿತ್ತು.

ಕಾರಣ ಹುಡುಕಿದಾಗ ಸಿಕ್ಕಿದ್ದು ತೊಗರಿ ಕಾಳಿನಷ್ಟು ದೊಡ್ಡ ದೋಷ. ಅದೇ ಅಂಗಡಿಯಿಂದ ತಂದ ಇನ್ನೊಂದು ಸೆಲ್ ಮನೆಯಲ್ಲಿತ್ತು. ಅದರ ಪ್ಲಸ್ ತುದಿಯ ಸುತ್ತ ಇರಬೇಕಾದ ಬಿಳಿ ಕಾಗದದ ಉಂಗುರವೇ ಇರಲಿಲ್ಲ. ಹೊದಿಕೆ ಅಲ್ಲಿ ಸ್ವಲ್ಪ ಹರಿದು ಉಕ್ಕು ಮಿನುಗುತ್ತಿತ್ತು. ಹಿಂದಿನ ದಿನ ನನ್ನ ಟಾರ್ಚ್ ಕಲ್ಲಿನ ಮೇಲೆ ಬಿದ್ದಿತ್ತು. ಒಳಗಿನ ತಗಡು ಬಾಗಿ ಪ್ಲಸ್ಸಿಗೂ ಅಂಚಿಗೂ ಒಟ್ಟಿಗೇ ತಾಗಿರಬೇಕು. ಅಷ್ಟಾದರೆ ಶಾರ್ಟ್ ಆಗಲು ಬೇರೇನೂ ಬೇಕಿಲ್ಲ.

ಆವತ್ತಿನಿಂದ 18650 ಅಂತ ಕರೆಯುವ, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಈ ಲಿಥಿಯಂ ಅಯಾನ್ ಸೆಲ್‌ಗಳ ಬಗ್ಗೆ ಓದಿ, ಅಳೆದು, ಕೇಳಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಕಲಬುರಗಿ, ಬೀದರ್, ಯಾದಗಿರಿಯ ಹಳ್ಳಿಗಳಲ್ಲಿ ಈಗ ಇಂಥ ಸೆಲ್ ಇಲ್ಲದ ಮನೆ ಕಡಿಮೆ. ಟಾರ್ಚ್, ಹೆಡ್‌ಲ್ಯಾಂಪ್, ಪವರ್ ಬ್ಯಾಂಕ್, ಸಣ್ಣ ಫ್ಯಾನ್, ಔಷಧ ಹೊಡೆಯುವ ಕೆಲವು ಸ್ಪ್ರೇಯರ್, ಹೀಗೆ ಬಹಳಷ್ಟರ ಒಳಗೆ ಇದೇ ಜಾತಿಯದು ಇರುತ್ತದೆ.

ಒಂದು ಮಾತು ಮೊದಲೇ ಹೇಳಬೇಕು. ಕೆಲವು ಅಂಗಡಿಗಳಲ್ಲಿ ಇವನ್ನೇ 'ವೇಪ್ ಸೆಲ್' ಅಂತ ಮಾರುತ್ತಾರೆ. ವೇಪ್, ಅಂದರೆ ಇ-ಸಿಗರೇಟು, ನಮ್ಮ ದೇಶದಲ್ಲಿ 2019ರಿಂದ ನಿಷಿದ್ಧ. ತಯಾರಿಸುವುದು, ತರಿಸುವುದು, ಮಾರುವುದು, ಸಂಗ್ರಹಿಸುವುದು, ಜಾಹೀರಾತು ಕೊಡುವುದು ಎಲ್ಲವೂ ಅಪರಾಧ. ಮಾರಾಟದಂಥ ಮೊದಲ ತಪ್ಪಿಗೇ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಾಗಾಗಿ ಆ ಸಾಧನದ ಮಾತು ಇಲ್ಲಿಲ್ಲ. ಆದರೆ ಸೆಲ್ ಒಂದೇ, ಅಪಾಯವೂ ಒಂದೇ. ಅಮೆರಿಕ, ಬ್ರಿಟನ್‌ಗಳಲ್ಲಿ ಇಂಥ ಬಿಡಿ ಸೆಲ್ಲನ್ನು ಕೀಲಿಕೈ, ಚಿಲ್ಲರೆ ಜೊತೆ ಕಿಸೆಗೆ ಹಾಕಿಕೊಂಡು ತೊಡೆ ಸುಟ್ಟುಕೊಂಡವರ ಪ್ರಕರಣಗಳು ದಾಖಲಾಗಿವೆ. ಆ ಪಾಠ ನಮಗೂ ಬೇಕು.

ಸೆಲ್ಲಿನ ಮೈ ಅರ್ಥವಾಗಬೇಕು

18650 ಅನ್ನುವುದು ಮಾಡೆಲ್ ಅಲ್ಲ, ಅಳತೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ಅಂದರೆ ಉರುಳೆ ಆಕಾರ. 21700 ಅಂದರೆ 21 ದಪ್ಪ, 70 ಉದ್ದ. ಲಿಥಿಯಂ ಅಯಾನ್ ಬ್ಯಾಟರಿಯನ್ನು ಮೊದಲು ಮಾರುಕಟ್ಟೆಗೆ ತಂದದ್ದು ಸೋನಿ, 1991ರಲ್ಲಿ. ಅದರ ಹಿಂದಿನ ಕೆಲಸಕ್ಕೆ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಬಂತು.

ನೀವು ನೆನಪಿಡಬೇಕಾದ ಸಂಗತಿ ಬೇರೆ. ಹಳೆ ಟಾರ್ಚಿನ ಸೆಲ್ಲಿನ ಹಾಗೆ ಇದರಲ್ಲಿ ಒಂದು ತುದಿ ಪ್ಲಸ್, ಒಂದು ತುದಿ ಮೈನಸ್ ಅಂತ ತಿಳಿದು ಬಿಟ್ಟುಬಿಡಬಾರದು. ಇದರ ಉಕ್ಕಿನ ಡಬ್ಬಿ ಪೂರ್ತಿ ಮೈನಸ್. ಕೆಳಗಿನಿಂದ ಹಿಡಿದು ಮೇಲಿನ ಅಂಚಿನವರೆಗೂ ಮೈನಸ್. ಪ್ಲಸ್ ಇರುವುದು ಮೇಲ್ತುದಿಯ ನಡುವೆ ಗುಂಡಿಯಂತಿರುವ ಸಣ್ಣ ಬಟ್ಟಿನಲ್ಲಿ ಮಾತ್ರ. ಅವೆರಡರ ನಡುವೆ ಇರುವುದು ಒಂದೆರಡು ಮಿಲಿಮೀಟರ್ ಅಂತರ, ಒಂದು ಬಿಳಿ ಉಂಗುರ, ಒಂದು ತೆಳು ಪ್ಲಾಸ್ಟಿಕ್ ಹೊದಿಕೆ. ನನ್ನ ಟಾರ್ಚಿನಲ್ಲಿ ಕೈಕೊಟ್ಟದ್ದು ಅದೇ ಜಾಗ.

ಒಳಗೆ ಇನ್ನೊಂದು ಸಮಸ್ಯೆ ಇದೆ. ಸೆಲ್ ಮಿತಿ ಮೀರಿ ಕಾದರೆ ಒಳಗಿನ ರಾಸಾಯನಿಕಗಳೇ ಬಿಸಿ ಹುಟ್ಟಿಸತೊಡಗುತ್ತವೆ. ಆ ಬಿಸಿ ಇನ್ನಷ್ಟು ಬಿಸಿ ಹುಟ್ಟಿಸುತ್ತದೆ. ಅಲ್ಲಿಗೆ ಬಂದ ಮೇಲೆ ಚಾರ್ಜರ್ ಕಿತ್ತರೂ ಅದು ನಿಲ್ಲುವುದಿಲ್ಲ. ಅದಕ್ಕೇ ಎಚ್ಚರವೆಲ್ಲ ಆ ಹಂತಕ್ಕೆ ಮೊದಲೇ ಬೇಕು.

ಕೊಳ್ಳುವಾಗ ಏನು ನೋಡಬೇಕು

ಎಂಎಎಚ್ ಅಂದರೆ ಸೆಲ್ಲಿನಲ್ಲಿ ಎಷ್ಟು ತುಂಬಿದೆ ಅನ್ನುವುದು. ಆಂಪ್ ಅಂದರೆ ಅದನ್ನು ಎಷ್ಟು ಜೋರಾಗಿ ಎಳೆದುಕೊಳ್ಳಬಹುದು ಅನ್ನುವುದು. ಬಾವಿಯಲ್ಲಿ ಎಷ್ಟು ನೀರಿದೆ ಅನ್ನುವುದು ಬೇರೆ, ಗಂಟೆಗೆ ಎಷ್ಟು ಎತ್ತಬಹುದು ಅನ್ನುವುದು ಬೇರೆ, ಅಲ್ವಾ? ಹಾಗೆಯೇ ಇದು. ಒಂದೇ ಅಳತೆಯ ಡಬ್ಬಿಯಲ್ಲಿ ಎರಡನ್ನೂ ಒಟ್ಟಿಗೆ ಹೆಚ್ಚಿಸುವುದು ಕಷ್ಟ. ಸ್ಯಾಮ್‌ಸಂಗ್ 35ಇ ಸೆಲ್ 3500 ಎಂಎಎಚ್ ಹಿಡಿಯುತ್ತದೆ, ಆದರೆ ಕೊಡುವುದು ಸುಮಾರು 8 ಆಂಪ್. ಅದೇ ಕಂಪನಿಯ 25ಆರ್ ಹಿಡಿಯುವುದು 2500, ಆದರೆ 20 ಆಂಪ್ ಕೊಡುತ್ತದೆ. 30ಕ್ಯೂ ನಡುವಿನದು: 3000 ಎಂಎಎಚ್, 15 ಆಂಪ್.

ನಿಮಗೆ ಎಷ್ಟು ಆಂಪ್ ಬೇಕು? ವ್ಯಾಟನ್ನು ವೋಲ್ಟಿನಿಂದ ಭಾಗಿಸಿ. ವೋಲ್ಟ್ ಲೆಕ್ಕಕ್ಕೆ ಖಾಲಿಯಾಗುತ್ತಿರುವ ಸೆಲ್ಲಿನ 3 ವೋಲ್ಟ್ ತೆಗೆದುಕೊಳ್ಳಿ, ಯಾಕೆಂದರೆ ಸೆಲ್ ಇಳಿದಾಗಲೇ ಹೊರೆ ಜಾಸ್ತಿ. 10 ವ್ಯಾಟಿನ ಟಾರ್ಚ್ ಆದರೆ 10 ಭಾಗಿಸು 3, ಅಂದರೆ ಮೂರೂವರೆ ಆಂಪಿನ ಒಳಗೆ. ನಡುವೆ ಸೋರುವುದನ್ನೂ ಸೇರಿಸಿ 4 ಆಂಪ್ ಅಂತಿಟ್ಟುಕೊಳ್ಳಿ. ಇದಕ್ಕೆ 35ಇ ಧಾರಾಳ ಸಾಕು. 60 ವ್ಯಾಟ್ ಎಳೆಯುವ ಸಾಧನಕ್ಕೆ ಒಂದೇ ಸೆಲ್ ಹಾಕಿದರೆ ಮಾತ್ರ 20 ಆಂಪ್ ಬೇಕಾಗುತ್ತದೆ. ಹೊಲಕ್ಕೆ ಹೋಗುವವರಿಗೆ ಅಂಥ ಸೆಲ್ ಬೇಕಿಲ್ಲ. ತುಂಬಾ ಹೊತ್ತು ಉರಿಯುವುದು ಬೇಕು. 3000 ಎಂಎಎಚ್ ಸೆಲ್ಲಿನಲ್ಲಿ ಸುಮಾರು 10.8 ವ್ಯಾಟ್-ಅವರ್ (ವ್ಯಾಟ್ ಗುಣಿಸು ಗಂಟೆ) ಇರುತ್ತದೆ. 3 ವ್ಯಾಟಿನ ಹೆಡ್‌ಲ್ಯಾಂಪ್ ಅದರಲ್ಲಿ ಮೂರೂವರೆ ಗಂಟೆ ಹತ್ತಿರ ಉರಿಯುತ್ತದೆ. ಒಂದು ಮಡಿ ನೀರು ಕಟ್ಟಿ ಬರಲು ಸಾಕಾಗುತ್ತದೆ.

ಈಗ ನಕಲಿಯ ಮಾತು. 18650 ಸೈಜಿನಲ್ಲಿ ಒಳ್ಳೆಯ ಕಂಪನಿಗಳು ಸಾಮಾನ್ಯವಾಗಿ ಮಾರುವುದು 3500-3600 ಎಂಎಎಚ್ ತನಕ. ಸೆಲ್ ಮೇಲೆ 6800, 8800, 9900 ಅಂತ ಬರೆದಿದ್ದರೆ ಅದು ಸುಳ್ಳು. ಚೌಕಾಸಿ ಮಾಡುವ ಅಗತ್ಯವೂ ಇಲ್ಲ, ಅಲ್ಲೇ ಇಟ್ಟು ಬನ್ನಿ. ತೂಕ ಇನ್ನೊಂದು ಪರೀಕ್ಷೆ. ಅಸಲಿ ಸೆಲ್ 44ರಿಂದ 50 ಗ್ರಾಂ ತೂಗುತ್ತದೆ. 25-30 ಗ್ರಾಂ ಬಂದರೆ ಒಳಗೆ ಸಣ್ಣ ಸೆಲ್ ಇಟ್ಟು ಮೇಲೆ ದೊಡ್ಡ ಡಬ್ಬಿ ತೊಡಿಸಿರಬಹುದು. ನಾನು ಪರಿಚಯದ ಬಂಗಾರದ ಅಂಗಡಿಯ ತಕ್ಕಡಿಯಲ್ಲಿ ತೂಗಿದೆ. ಸಿಡಿದ ಸೆಲ್ಲಿನ ಅಂಗಡಿಯಿಂದಲೇ ತಂದ ಆ ಇನ್ನೊಂದು ಸೆಲ್ 31 ಗ್ರಾಂ ಇತ್ತು. ಮೇಲೆ ಬರೆದದ್ದು 8800.

ಕಿರಾಣಿ ಅಂಗಡಿಯಲ್ಲಿ, ಜಾತ್ರೆಯ ಸಾಲಿನಲ್ಲಿ ಬಿಡಿ ಸೆಲ್ ಕೊಳ್ಳಬೇಡಿ. ನಮ್ಮ ಪಕ್ಕದ ಹೊಲದ ಹಿರಿಯರು "ಏನಾಗ್ತದ್ರಿ, ಲೈಟ್ ಬಿದ್ರ ಸಾಕಲ್ರಿ" ಅಂತಾರೆ. ಲೈಟ್ ಎಲ್ಲದರಲ್ಲೂ ಬೀಳುತ್ತದೆ. ಎಷ್ಟು ದಿನ ಬೀಳುತ್ತದೆ, ಹೇಗೆ ಕೊನೆಯಾಗುತ್ತದೆ ಅನ್ನುವುದೇ ವ್ಯತ್ಯಾಸ. ನಮ್ಮ ದೇಶದಲ್ಲಿ ಮಾರುವ ಲಿಥಿಯಂ ಸೆಲ್‌ಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಸೆಲ್ ಅಥವಾ ಡಬ್ಬದ ಮೇಲೆ ಐಎಸ್ 16046 ಎಂಬ ಮಾನಕವೂ 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿಗೆ ಕೊಟ್ಟದ್ದು ಅಂತ ತೋರಿಸುತ್ತದೆ. ಅಂಗಡಿಯ ಕೌಂಟರಿನಲ್ಲೇ ನಿಂತು ನೋಡಬಹುದು, ಎರಡು ನಿಮಿಷದ ಕೆಲಸ.

ಹಳೆ ಲ್ಯಾಪ್‌ಟಾಪ್ ಬ್ಯಾಟರಿ ಒಡೆದು ತೆಗೆದ ಸೆಲ್‌ಗಳೂ ಅಗ್ಗಕ್ಕೆ ಸಿಗುತ್ತವೆ. ನಮ್ಮ ಹುಡುಗರಿಗೆ ಅದರಲ್ಲಿ ಆಸಕ್ತಿ ಜಾಸ್ತಿ. ಅವರಿಗೆ ನಾನು ಹೇಳುವುದು ಇಷ್ಟು: ಮೀಟರಿನಲ್ಲಿ 2 ವೋಲ್ಟಿಗಿಂತ ಕೆಳಗೆ ಬಿದ್ದ ಸೆಲ್ಲನ್ನು ಮತ್ತೆ ಜೀವಕ್ಕೆ ತರಲು ಹೋಗಬೇಡಿ. ಅಷ್ಟು ಕೆಳಗೆ ಇಳಿದಾಗ ಒಳಗಿನ ತಾಮ್ರ ಕರಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇಡದ ಜಾಗದಲ್ಲಿ ಕೂತು ಒಳಗೇ ಶಾರ್ಟ್ ಮಾಡಬಹುದು. ಹೊರಗಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ರಕ್ಷಣೆಯ ಸರ್ಕ್ಯೂಟ್ ಇರುವ ಸೆಲ್, ಇಲ್ಲದ ಸೆಲ್ ಅಂತ ಎರಡು ಬಗೆ ಇವೆ. ಇರುವುದರ ಬುಡದಲ್ಲಿ ಸಣ್ಣ ಚಿಪ್ ಇರುತ್ತದೆ. ಅದರಿಂದ ಉದ್ದ 67-70 ಮಿಲಿಮೀಟರ್ ಆಗುತ್ತದೆ. ಶಾರ್ಟ್ ಆದರೆ, ಮಿತಿ ಮೀರಿ ತುಂಬಿದರೆ ಅಥವಾ ಖಾಲಿಯಾದರೆ ಅದು ಕರೆಂಟ್ ಕಡಿಯುತ್ತದೆ. ಟಾರ್ಚಿನಲ್ಲಿ ಜಾಗ ಹಿಡಿಯುವುದಾದರೆ ಹಳ್ಳಿಯ ಬಳಕೆಗೆ ಅದನ್ನೇ ಕೊಳ್ಳಿ. ಸ್ವಲ್ಪ ಹಣ ಜಾಸ್ತಿ ಆಗುತ್ತದೆ, ಆಗಲಿ.

ಚಾರ್ಜರಿನ ಮೇಲೆ ಹಣ ಹಾಕಿ

ಸೆಲ್ಲಿಗಿಂತ ಚಾರ್ಜರ್ ಮುಖ್ಯ ಅನ್ನುವುದು ನನ್ನ ಅಭಿಪ್ರಾಯ. ಒಳ್ಳೆಯ ಸೆಲ್ಲನ್ನು ಕೆಟ್ಟ ಚಾರ್ಜರ್ ಕೊಲ್ಲುತ್ತದೆ.

3.6 ಅಥವಾ 3.7 ವೋಲ್ಟ್ ಅಂತ ಬರೆದ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರಬೇಕು. ಸರಿಯಾದ ಚಾರ್ಜರ್ ಮೊದಲು ಒಂದೇ ಸಮನಾದ ಕರೆಂಟ್ ಕೊಡುತ್ತದೆ. 4.2 ಮುಟ್ಟಿದ ಮೇಲೆ ವೋಲ್ಟೇಜನ್ನು ಅಲ್ಲೇ ಹಿಡಿದು ಕರೆಂಟನ್ನು ಇಳಿಸುತ್ತಾ ಹೋಗುತ್ತದೆ. ಕೊನೆಗೆ ಪೂರ್ತಿ ನಿಲ್ಲಿಸುತ್ತದೆ. ಅಗ್ಗದ ಟಾರ್ಚಿನ ಜೊತೆ ಪುಕ್ಕಟೆ ಬರುವ ಗೋಡೆ ಚಾರ್ಜರ್‌ಗಳಲ್ಲಿ ಎಷ್ಟೋ ಈ ಕೊನೆಯ ಕೆಲಸ ಮಾಡುವುದಿಲ್ಲ. ತುಂಬಿದ ಮೇಲೂ ತುಂಬುತ್ತಲೇ ಇರುತ್ತವೆ.

ಪರೀಕ್ಷೆ ಸುಲಭ. ಒಂದು ಸಾದಾ ಮಲ್ಟಿಮೀಟರ್ ತನ್ನಿ. ಡಿಸಿ 20 ವೋಲ್ಟಿಗೆ ಇಡಿ. ಹಸಿರು ದೀಪ ಬಂದ ಕೂಡಲೇ ಸೆಲ್ ತೆಗೆದು, ಕೆಂಪು ಕಡ್ಡಿ ಬಟ್ಟಿಗೆ, ಕಪ್ಪು ಕಡ್ಡಿ ಬುಡಕ್ಕೆ ಹಿಡಿಯಿರಿ. 4.15ರಿಂದ 4.22ರ ನಡುವೆ ತೋರಿಸಿದರೆ ಚಾರ್ಜರ್ ಸರಿಯಿದೆ. 4.25 ದಾಟಿದರೆ ಆ ಚಾರ್ಜರನ್ನು ಇನ್ನು ಮುಂದೆ ಬಳಸಬೇಡಿ. ಯಾರಿಗೂ ಕೊಡಲೂ ಬೇಡಿ. ನನ್ನ ಮನೆಯಲ್ಲಿದ್ದ ಒಂದು 4.38 ತೋರಿಸಿತು. ಮೂರು ವರ್ಷ ಅದರಲ್ಲೇ ಹಾಸಿಗೆಯ ಪಕ್ಕ ಚಾರ್ಜ್ ಮಾಡಿದ್ದೆವು.

ಪ್ರತಿ ಸೆಲ್ಲಿಗೂ ಬೇರೆ ಬೇರೆ ದೀಪ ಇರುವ, ವೋಲ್ಟ್ ತೋರಿಸುವ, ಯುಎಸ್‌ಬಿಯಿಂದ ನಡೆಯುವ ಚಾರ್ಜರ್ ಒಳ್ಳೆಯದು. ಅದಕ್ಕೆ ಹಾಕುವ ಅಡಾಪ್ಟರ್ ಮೇಲೆ 100-240 ವೋಲ್ಟ್ ಅಂತ ಬರೆದಿರಬೇಕು. ನಮ್ಮಲ್ಲಿ ಪಂಪ್‌ಗಳು ಒಟ್ಟಿಗೆ ಶುರುವಾದಾಗ ವೋಲ್ಟೇಜ್ ಕುಸಿಯುವುದು ಎಲ್ಲರಿಗೂ ಗೊತ್ತು.

ಸ್ವಂತ ಜೋಡಿಸುವವರಿಗೆ ಟಿಪಿ4056 ಎಂಬ ಸಣ್ಣ ಬೋರ್ಡ್ ಪರಿಚಯವಿರುತ್ತದೆ. 5 ವೋಲ್ಟ್ ತಗೊಂಡು 4.2ಕ್ಕೆ ನಿಲ್ಲಿಸುತ್ತದೆ, ಸಾಮಾನ್ಯವಾಗಿ 1 ಆಂಪ್ ಕೊಡುತ್ತದೆ. ಒಂದೇ ಸೆಲ್ಲಿಗೆ ಅದು ಸರಿ. ರಕ್ಷಣೆಯ ಚಿಪ್ ಸೇರಿರುವ ಬೋರ್ಡನ್ನೇ ಕೇಳಿ ತಗೊಳ್ಳಿ. ಆದರೆ ಸೋಲಾರ್ ಪ್ಯಾನೆಲ್ಲನ್ನು ಸೆಲ್ಲಿಗೆ ನೇರ ಜೋಡಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ, ಅದು ಬೇಡವೇ ಬೇಡ. '12 ವೋಲ್ಟ್' ಅನ್ನುವ ಪ್ಯಾನೆಲ್ ನಮ್ಮ ಬಿಸಿಲಿಗೆ, ಹೊರೆ ಇಲ್ಲದಾಗ, 20 ವೋಲ್ಟ್ ದಾಟುತ್ತದೆ.

ಸೋಲಾರ್ ದೀಪಗಳಲ್ಲಿ ಬರುವ ದಪ್ಪ ಸೆಲ್ಲಿನ ಮೇಲೆ 3.2 ವೋಲ್ಟ್ ಅಂತ ಬರೆದಿದ್ದರೆ ಅದು ಬೇರೆ ಜಾತಿ, ಲಿಥಿಯಂ ಐರನ್ ಫಾಸ್ಫೇಟ್. ಅದು ತುಂಬುವುದು 3.65ಕ್ಕೆ. ಬಿಸಿಗೆ ಹೆಚ್ಚು ತಡೆಯುತ್ತದೆ, ನನಗೆ ಇಷ್ಟದ್ದು. ಆದರೆ ಅದನ್ನು 4.2ರ ಚಾರ್ಜರಿಗೆ ಹಾಕಬಾರದು.

ನಮ್ಮ ಬೇಸಿಗೆಯ ಲೆಕ್ಕ

ಇದು ಬೆಂಗಳೂರಿನಲ್ಲಿ ಕೂತು ಬರೆದ ಮಾರ್ಗದರ್ಶಿಗಳಲ್ಲಿ ಸಿಗುವುದಿಲ್ಲ. ಬಹುತೇಕ ಲಿಥಿಯಂ ಸೆಲ್‌ಗಳನ್ನು ಚಾರ್ಜ್ ಮಾಡಲು ಕಂಪನಿ ಹೇಳುವ ಮಿತಿ 0ಯಿಂದ 45 ಡಿಗ್ರಿ. ಕೆಳಗಿನ ಮಿತಿಯ ಚಿಂತೆ ನಮಗಿಲ್ಲ. ಮೇಲಿನದು ನಮ್ಮ ಬಾಗಿಲಲ್ಲೇ ಇದೆ. ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಯಲ್ಲಿ ನೆರಳಿನಲ್ಲೇ 42-43 ಡಿಗ್ರಿ ಬರುವುದು ಹೊಸದಲ್ಲ. ತಗಡಿನ ಶೆಡ್ಡಿನ ಒಳಗೆ ಅದಕ್ಕಿಂತ ಜಾಸ್ತಿ. ಚಾರ್ಜ್ ಆಗುವಾಗ ಸೆಲ್ ತಾನೇ ಇನ್ನಷ್ಟು ಡಿಗ್ರಿ ಬಿಸಿಯಾಗುತ್ತದೆ. ಅಂದರೆ ಮಧ್ಯಾಹ್ನ ಶೆಡ್ಡಿನಲ್ಲಿ ಚಾರ್ಜಿಗಿಟ್ಟ ಸೆಲ್ ಮೊದಲ ನಿಮಿಷದಿಂದಲೇ ಮಿತಿ ಮೀರಿರುತ್ತದೆ.

ಹಾಗಾಗಿ ಮಾರ್ಚಿನಿಂದ ಜೂನ್ ತನಕ ನಮ್ಮ ಮನೆಯಲ್ಲಿ ಚಾರ್ಜಿಂಗ್ ಬೆಳಿಗ್ಗೆ 5ರಿಂದ 9ರೊಳಗೆ. ಹಾಲು ಕರೆದು, ಚಹಾ ಕುಡಿದು, ರೊಟ್ಟಿ ಬಡಿಯುವ ಹೊತ್ತು. ಎಲ್ಲರೂ ಎಚ್ಚರ ಇರುತ್ತಾರೆ, ಗಾಳಿಯೂ ತಂಪಿರುತ್ತದೆ. ಹಳೆ ಮಣ್ಣಿನ ಮಾಳಿಗೆಯ ಮನೆ ಇದ್ದರೆ ಅದರ ಒಳಕೋಣೆ ಇನ್ನೂ ಒಳ್ಳೆಯದು.

ಹೊಲದಿಂದ ಬಂದ ತಕ್ಷಣ ಬಿಸಿ ಸೆಲ್ಲನ್ನು ಚಾರ್ಜರಿಗೆ ಹಾಕಬೇಡಿ. ಅರ್ಧ ಗಂಟೆ ಬಿಡಿ. ಫ್ರಿಜ್ಜಿನಲ್ಲಿ ಇಡುವುದೂ ಬೇಡ, ಹೊರತೆಗೆದಾಗ ಮೈಮೇಲೆ ನೀರು ಕೂರುತ್ತದೆ.

ಚಾರ್ಜ್ ಮಾಡುವ ಕ್ರಮ

1. ಸೆಲ್ಲನ್ನು ಬೆಳಕಿನಲ್ಲಿ ಸುತ್ತ ತಿರುಗಿಸಿ ನೋಡಿ. ಬಿಳಿ ಉಂಗುರ ಇದೆಯಾ? ಹೊದಿಕೆ ಹರಿದಿದೆಯಾ? ತಗ್ಗು, ತುಕ್ಕು, ಅಂಟು, ಸಿಹಿ ವಾಸನೆ? ಹೊದಿಕೆ ಮಾತ್ರ ಹರಿದಿದ್ದರೆ ಹೊಸ ಪಿವಿಸಿ ಹೊದಿಕೆ, ಹೊಸ ಉಂಗುರ ಹಾಕಿಸಬಹುದು. ತಗ್ಗು ಬಿದ್ದಿದ್ದರೆ, ಸೋರಿದ್ದರೆ ಆ ಸೆಲ್ಲಿನ ಕಥೆ ಮುಗಿಯಿತು. ಸೆಲೋಟೇಪ್ ಸುತ್ತಿ ಮತ್ತೆ ಬಳಸುವುದು ಬೇಡ.

2. ತುದಿಗಳನ್ನು ಒಣ ಬಟ್ಟೆಯಿಂದ ಒರೆಸಿ. ತೊಗರಿ ರಾಶಿಯ ಕಾಲದಲ್ಲಿ ಧೂಳು ಎಲ್ಲೆಲ್ಲೂ ಕೂತಿರುತ್ತದೆ.

3. ಮೀಟರಿನಲ್ಲಿ ವೋಲ್ಟ್ ನೋಡಿ. 3ರ ಮೇಲಿದ್ದರೆ ನಿಶ್ಚಿಂತೆ. ಎರಡೂವರೆಗಿಂತ ಕೆಳಗಿದ್ದರೆ ಅನುಮಾನಪಡಿ, 2ರ ಕೆಳಗಿದ್ದರೆ ಬಿಡಿ.

4. ಚಾರ್ಜರನ್ನು ಶಹಾಬಾದ್ ಕಲ್ಲಿನ ನೆಲದ ಮೇಲೆ ಇಡಿ. ನಮ್ಮ ಮನೆಗಳಲ್ಲಿ ಅದು ಹೇಗೂ ಇದೆ, ಬೆಂಕಿ ಹತ್ತುವುದಿಲ್ಲ. ಹಾಸಿಗೆ, ಕೌದಿ, ಗೋಣಿಚೀಲ, ಕಟ್ಟಿಗೆಯ ಕಪಾಟು ಬೇಡ. ಸುತ್ತ ಎರಡು ಅಡಿ ಖಾಲಿ ಇರಲಿ. ಹೊರಬಾಗಿಲ ದಾರಿಗೆ ಅಡ್ಡ ಇಡಬೇಡಿ, ಓಡಬೇಕಾದರೆ ದಾರಿ ಬೇಕು.

5. ಪ್ಲಸ್, ಮೈನಸ್ ನೋಡಿ ಕೂರಿಸಿ. ಆಮೇಲೆ ಕರೆಂಟ್ ಹಾಕಿ.

6. ವೇಗ ಕಡಿಮೆ ಇಡಿ. 3000 ಎಂಎಎಚ್ ಸೆಲ್ಲಿಗೆ 1 ಆಂಪ್ ಸಾಕು. ಖಾಲಿ ಸೆಲ್ ತುಂಬಲು ಮೂರೂವರೆ ನಾಲ್ಕು ಗಂಟೆ ಹಿಡಿಯುತ್ತದೆ. ಬೇಸಿಗೆಯಲ್ಲಿ ಅರ್ಧ ಆಂಪ್ ಇಟ್ಟು, ಪೂರ್ತಿ ಖಾಲಿಯಾಗುವ ಮೊದಲೇ ಚಾರ್ಜ್ ಮಾಡಿಕೊಳ್ಳುವುದು ಇನ್ನೂ ವಾಸಿ.

7. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಕೈ ಮುಟ್ಟಿಸಿ ನೋಡಿ. ಬೆಚ್ಚಗಿರಬಹುದು. ಮುಷ್ಟಿಯಲ್ಲಿ ಹಿಡಿದುಕೊಳ್ಳಲು ಕಷ್ಟವಾದರೆ ಮೊದಲು ಸ್ವಿಚ್ ಆರಿಸಿ.

8. ಕರೆಂಟ್ ಹೋದರೆ ಪ್ಲಗ್ ಕಿತ್ತುಬಿಡಿ. ಬಂದ ಮೇಲೆ ಐದು ನಿಮಿಷ ಬಿಟ್ಟು ಹಾಕಿ. ವಾಪಸ್ ಬರುವಾಗಲೇ ಏರಿಳಿತ ಜಾಸ್ತಿ.

9. ತುಂಬಿದ ಮೇಲೆ ತೆಗೆಯಿರಿ. ರಾತ್ರಿ ಇಟ್ಟು ಮಲಗಬೇಡಿ, ಮನೆಗೆ ಬೀಗ ಹಾಕಿ ಸಂತೆಗೆ ಹೋಗಬೇಡಿ.

ಎರಡು ಸೆಲ್ ಹಾಕುವ ಟಾರ್ಚ್ ಇದ್ದರೆ ಎರಡನ್ನೂ ಒಂದೇ ದಿನ, ಒಂದೇ ಮಾಡೆಲ್ ಕೊಳ್ಳಿ. ಮೇಲೆ ಮಾರ್ಕರಿನಿಂದ ಒಂದೇ ಗುರುತು ಹಾಕಿ. ಜೋಡೆತ್ತಿನ ಹಾಗೆ ಅವು ಒಟ್ಟಿಗೆ ದುಡಿದು ಒಟ್ಟಿಗೆ ಚಾರ್ಜಾಗಬೇಕು. ಹೊಸದರ ಜೊತೆ ಹಳೆಯದು ಹಾಕಿದರೆ ಹಳೆಯದು ಮೊದಲು ಖಾಲಿಯಾಗುತ್ತದೆ. ಹೊಸದು ಅದರ ಮೂಲಕ ಕರೆಂಟನ್ನು ತಳ್ಳುತ್ತಲೇ ಇರುತ್ತದೆ. ಖಾಲಿಯಾದ ಸೆಲ್ಲಿನ ಪ್ಲಸ್, ಮೈನಸ್ ಉಲ್ಟಾ ಆಗಿ ಅದು ಕೆಟ್ಟು ಸೋರಬಹುದು, ಸಿಡಿಯಲೂಬಹುದು.

ಸ್ಪ್ರೇಯರ್ ಇದ್ದವರು ಇದನ್ನು ಬಿಡದೆ ಓದಿ

ತೊಗರಿಗೆ ಕಾಯಿಕೊರಕ ಬಿದ್ದಾಗ ಬ್ಯಾಟರಿ ಸ್ಪ್ರೇಯರ್ ಇಲ್ಲದೆ ಕೆಲಸ ಸಾಗುವುದಿಲ್ಲ. ಇವುಗಳಲ್ಲಿ ಬಹಳಷ್ಟು 12 ವೋಲ್ಟಿನ ಸೀಸದ ಬ್ಯಾಟರಿ ಇಟ್ಟುಕೊಂಡು ಬರುತ್ತವೆ. ಅದು ಸತ್ತಾಗ ಕೆಲವರು ಹಗುರವಾಗಿರಲಿ ಅಂತ ಲಿಥಿಯಂ ಪ್ಯಾಕ್ ಹಾಕಿಸುತ್ತಾರೆ, ಚಾರ್ಜರ್ ಮಾತ್ರ ಹಳೆಯದೇ. ಅಪಾಯ ಇಲ್ಲಿದೆ. ಸೀಸದ ಬ್ಯಾಟರಿಯ ಚಾರ್ಜರ್ 14.4 ವೋಲ್ಟ್ ತನಕ ಏರುತ್ತದೆ. ಮೂರು 18650 ಸಾಲಾಗಿ ಜೋಡಿಸಿದ ಪ್ಯಾಕ್ ತುಂಬುವುದು 12.6ಕ್ಕೆ. 14.4 ಭಾಗಿಸು 3 ಅಂದರೆ ಒಂದೊಂದು ಸೆಲ್ಲಿಗೆ 4.8 ವೋಲ್ಟ್. ಪ್ಯಾಕಿನೊಳಗಿನ ರಕ್ಷಣೆಯ ಬೋರ್ಡ್ ತಡೆದರೆ ಬಚಾವು, ಅದು ಕೆಟ್ಟಿದ್ದರೆ ಬೆಂಕಿ. ಬ್ಯಾಟರಿ ಬದಲಿಸಿದರೆ ಚಾರ್ಜರನ್ನೂ ಬದಲಿಸಿ. ಎರಡರ ಮೇಲೂ ಬರೆದ ವೋಲ್ಟ್ ಓದಿ, ಒಂದೇ ಇರಲಿ.

ಇನ್ನೊಂದು. ಔಷಧದ ಬಾಟಲಿಗಳ ಪಕ್ಕ ಚಾರ್ಜಿಗಿಡಬೇಡಿ. ಹೆಸರಿನ ಕೊನೆಗೆ 'ಇಸಿ' ಅಂತ ಇರುವ ಔಷಧಗಳಲ್ಲಿ ಬೆಂಕಿ ಹಿಡಿಯುವ ದ್ರಾವಕ ಇರುತ್ತದೆ. ಶೆಡ್ಡಿನ ಒಂದೇ ಮೂಲೆಯಲ್ಲಿ ಔಷಧ, ಗೊಬ್ಬರ, ಸ್ಪ್ರೇಯರ್ ಚಾರ್ಜಿಂಗ್ ಎಲ್ಲ ಇರುವುದನ್ನು ನಾನು ಬೇಕಾದಷ್ಟು ಕಡೆ ನೋಡಿದ್ದೇನೆ. ಇವತ್ತೇ ಬೇರೆ ಮಾಡಿ.

ಇಡುವುದು, ಒಯ್ಯುವುದು

ಬಿಡಿ ಸೆಲ್ ಕಿಸೆಯಲ್ಲಿ ಬೇಡ. ಬೈಕಿನ ಕೀಲಿಕೈ, ಐದು ರೂಪಾಯಿ ನಾಣ್ಯ, ಚೈನು ಯಾವುದಾದರೂ ಬಟ್ಟಿಗೂ ಅಂಚಿಗೂ ತಾಗಿದರೆ ಸಾಕು. ಸೆಲ್ ಇಡುವ ಪ್ಲಾಸ್ಟಿಕ್ ಡಬ್ಬಿ ಅಗ್ಗಕ್ಕೆ ಸಿಗುತ್ತದೆ, ಒಂದು ಸೆಲ್ಲಿಗೆ ಒಂದು ಮನೆ. ಅದು ಇಲ್ಲದೆ ಸೆಲ್ ಮನೆಯಿಂದ ಹೊರಗೆ ಹೋಗದಿರಲಿ.

ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್, ಟ್ರ್ಯಾಕ್ಟರಿನ ಪೆಟ್ಟಿಗೆ, ಬೈಕಿನ ಬಾಕ್ಸ್ ಇವು 60 ಡಿಗ್ರಿ ದಾಟಬಹುದು. ಅಲ್ಲಿ ಟಾರ್ಚ್, ಪವರ್ ಬ್ಯಾಂಕ್ ಬಿಟ್ಟು ಹೋಗಬೇಡಿ. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಪೂರ್ತಿ ತುಂಬಿಸಬೇಡಿ, ಪೂರ್ತಿ ಖಾಲಿಯೂ ಬೇಡ. 3.6-3.8 ವೋಲ್ಟಿನಲ್ಲಿಟ್ಟು ಮನೆಯ ತಂಪು ಮೂಲೆಯಲ್ಲಿಡಿ. ತುಂಬಿದ ಸೆಲ್ ಬಿಸಿಯಲ್ಲಿ ಬೇಗ ಮುದಿಯಾಗುತ್ತದೆ.

ವಿಮಾನ ಹತ್ತುವವರು ಬಿಡಿ ಸೆಲ್, ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಇಡಬೇಕು, ಲಗೇಜಿಗೆ ಹಾಕುವಂತಿಲ್ಲ. ವಿಮಾನ ಮೇಲೆ ಹಾರುವಾಗ ಬೆಂಕಿ ಹತ್ತಿದರೆ ಕಾಣಬೇಕಲ್ಲ, ಅದಕ್ಕೆ.

ಬಿಸಿಯಾದರೆ, ಹೊಗೆ ಬಂದರೆ

ಚಾರ್ಜರಿನಲ್ಲಿದ್ದರೆ ಮೊದಲು ಗೋಡೆಯ ಸ್ವಿಚ್ ಅಥವಾ ಮೇನ್ ಆರಿಸಿ. ಸೆಲ್ಲಿಗೆ ಕೈ ಹಾಕಬೇಡಿ. ಕೈಯಲ್ಲಿದ್ದ ಟಾರ್ಚ್ ಕಾಯತೊಡಗಿದರೆ ಬಿಚ್ಚಲು ನಿಲ್ಲಬೇಡಿ, ಬರಿ ಮಣ್ಣಿಗೆ ಎಸೆದು ದೂರ ಸರಿಯಿರಿ. ಮುಚ್ಚಿದ ಟಾರ್ಚ್ ಕೊಳವೆಯಲ್ಲಿ ಒತ್ತಡ ಕಟ್ಟಿಕೊಳ್ಳುತ್ತದೆ, ಮುಚ್ಚಳದ ನೇರಕ್ಕೆ ನಿಲ್ಲಬಾರದು.

ಮಕ್ಕಳನ್ನು, ಮುದುಕರನ್ನು ಮೊದಲು ಹೊರಗೆ ಕರೆದುಕೊಂಡು ಬನ್ನಿ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡಿನಂಥ ವಿಷಾನಿಲ ಇರುತ್ತದೆ, ಉಸಿರೆಳೆಯಬಾರದು. ಕರೆಂಟ್ ಆರಿದ ಮೇಲೆ, ಬೆಂಕಿ ಸಣ್ಣದಿದ್ದು ಹಿಂದೆ ದಾರಿ ಇದ್ದರೆ, ದೂರದಿಂದ ಧಾರಾಳ ನೀರು ಹಾಕಿ. ಲಿಥಿಯಂ ಅಂದರೆ ನೀರು ಹಾಕಬಾರದು ಅನ್ನುವ ಮಾತು ಹರಿದಾಡುತ್ತದೆ. ಈ ಸೆಲ್‌ಗಳ ವಿಷಯದಲ್ಲಿ ಮುಖ್ಯ ಕೆಲಸ ತಂಪು ಮಾಡುವುದು, ಅದಕ್ಕೆ ನೀರೇ ಬೇಕು. ಮರಳು ಹಾಕಿದರೆ ಜ್ವಾಲೆ ಹರಡುವುದು ನಿಲ್ಲಬಹುದು, ಒಳಗಿನ ಬಿಸಿ ಇಳಿಯುವುದಿಲ್ಲ. ಆರಿದಂತೆ ಕಂಡರೂ ಮತ್ತೆ ಹತ್ತಿಕೊಳ್ಳಬಹುದು, ಗಂಟೆಗಟ್ಟಲೆ ಕಣ್ಣಿಟ್ಟಿರಿ. ಕೈಮೀರಿದರೆ 112ಕ್ಕೆ ಫೋನ್ ಮಾಡಿ.

ಸುಟ್ಟ ಜಾಗಕ್ಕೆ 20 ನಿಮಿಷ ಹರಿಯುವ ತಣ್ಣೀರು. ಟೂತ್‌ಪೇಸ್ಟ್, ಅರಿಶಿನ, ಇಂಕು ಏನೂ ಹಚ್ಚಬೇಡಿ. ಸೋರಿದ ದ್ರವ ಕಣ್ಣಿಗೆ ಬಿದ್ದರೆ ನೀರಿನಿಂದ ತೊಳೆಯುತ್ತಾ ಇದ್ದು, ತಡಮಾಡದೆ ಆಸ್ಪತ್ರೆಗೆ ಹೋಗಿ.

ಹಳೆ ಸೆಲ್ ಎಲ್ಲಿ ಹಾಕಬೇಕು

ಮೊದಲಿನಂತೆ ಚಾರ್ಜ್ ಹಿಡಿಯದ ಸೆಲ್, ಸುಮ್ನೆ ಇಟ್ಟಾಗಲೂ ಒಂದೆರಡು ದಿನಕ್ಕೆ ವೋಲ್ಟ್ ಇಳಿಯುವ ಸೆಲ್, ಮೊದಲಿಗಿಂತ ಜಾಸ್ತಿ ಕಾಯುವ ಸೆಲ್ ಇವುಗಳನ್ನು ಎತ್ತಿಡಿ. ತಿಪ್ಪೆಗೆ ಎಸೆಯಬೇಡಿ, ಒಲೆಗಂತೂ ಹಾಕಲೇಬೇಡಿ. ಉಪ್ಪು ನೀರಿನಲ್ಲಿ ಮುಳುಗಿಸಿಡುವುದೂ ಬೇಡ. ಗುಜರಿಯವರಿಗೆ ಕೊಟ್ಟರೆ ಅವರು ತಗಡಿನ ಜೊತೆ ಜಜ್ಜುತ್ತಾರೆ, ಕೈ ಸುಟ್ಟುಕೊಳ್ಳುವವರು ಅವರು.

ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಮುಚ್ಚಳ ಗಟ್ಟಿ ಮಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಸಿಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆ ಬ್ಯಾಟರಿ ವಾಪಸ್ ತೆಗೆದುಕೊಳ್ಳುವ ಹೊಣೆ ತಯಾರಕರದ್ದು. ಮೊಬೈಲ್ ಕಂಪನಿಗಳ ಸರ್ವಿಸ್ ಸೆಂಟರಿನಲ್ಲಿ ಅಥವಾ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಇ-ತ್ಯಾಜ್ಯ ಸಂಗ್ರಹದವರಲ್ಲಿ ಕೇಳಿ. ನನ್ನ ಡಬ್ಬಿಯಲ್ಲಿ ಈಗ ಏಳು ಸೆಲ್ ಇವೆ, ಮುಂದಿನ ಸಲ ಊರಿಂದ ಕಲಬುರಗಿಗೆ ಹೋದಾಗ ಒಯ್ಯುತ್ತೇನೆ. ಆ 31 ಗ್ರಾಂ ತೂಗಿದ ಸೆಲ್ಲೂ ಅದರಲ್ಲೇ ಇದೆ, ಬಟ್ಟಿನ ಮೇಲೆ ಕಪ್ಪು ಟೇಪ್ ಎರಡು ಸುತ್ತು.